ಟೈಟ್ ಎಂಡ್ ಹುಡುಗನಿಗೆ ‘ನೀನು ಮುಂದೆ ಟ್ಯಾಕಲ್’ ಅಂದರೆ ಏನರ್ಥ?

ಪ್ರಶ್ನೆ: ನಾವು ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ, ಊರು ಹಾಸನ. ಮಗ 10ನೇ ತರಗತಿ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಟೈಟ್ ಎಂಡ್ ಆಡುತ್ತಾನೆ, ಅಂದರೆ ಸಾಲಿನ ತುದಿಯಲ್ಲಿ ನಿಂತು ಎದುರಿನವರನ್ನು ತಡೆಯುವುದು, ಓಡಿ ಚೆಂಡು ಹಿಡಿಯುವುದು ಎರಡೂ. 6 ಅಡಿ 3 ಇಂಚು, 205 ಪೌಂಡ್ ಇದ್ದಾನೆ. ಶಾಲೆಯ ಕೋಚ್ ಮುಂದಿನ ವರ್ಷ ಡಿಫೆನ್ಸಿವ್ ಎಂಡ್ ಕೂಡ ಆಡು ಅನ್ನುತ್ತಾರೆ, ಅದು ಎದುರಾಳಿಯ ಕೈಯಲ್ಲಿ ಚೆಂಡಿರುವಾಗ ತುದಿಯಿಂದ ನುಗ್ಗುವ ಜಾಗ. ಬೇಸಿಗೆ ಕ್ಯಾಂಪ್‌ನಲ್ಲಿ ಕಾಲೇಜಿನ ಕೋಚ್ ಒಬ್ಬರು ‘ನೀನು ಮುಂದೆ ಟ್ಯಾಕಲ್’ ಅಂದರಂತೆ, ಅಂದರೆ ಚೆಂಡು ಹಿಡಿಯದೆ ಎದುರಿನವರನ್ನು ತಡೆದು ನಿಲ್ಲಿಸುವ ದೊಡ್ಡ ಮೈಯವರ ಜಾಗ. ಮಗನಿಗೆ ಬೇಜಾರಾಗಿದೆ, ಅವನಿಗೆ ಚೆಂಡು ಹಿಡಿಯೋದೇ ಇಷ್ಟ. ಅವನ ಗೆಳೆಯನಿಗೆ ಹೈಸ್ಕೂಲ್ ಆಟಗಾರರನ್ನು ಅಳೆದು ಸ್ಟಾರ್ ಕೊಡುವ ವೆಬ್‌ಸೈಟ್‌ನಲ್ಲಿ ಮೂರು ಸ್ಟಾರ್ ಬಂದಿದೆ, ಇವನ ಹೆಸರೇ ಇಲ್ಲ. ಇವರೆಲ್ಲ ಯಾವ ಲೆಕ್ಕದ ಮೇಲೆ ಹೀಗೆ ಹೇಳುತ್ತಾರೆ? ನಂಬಬಹುದಾ? ಕ್ಯಾಂಪ್‌ನಲ್ಲಿ ನಮ್ಮ ಎತ್ತರವನ್ನೂ ಕೇಳಿದರು. ನಾನು 5 ಅಡಿ 8, ಇವರು 6 ಅಡಿ, ನನ್ನ ಅಣ್ಣ 6 ಅಡಿ 4.

ಉತ್ತರ: ಮೊದಲು ಮಗನಿಗೆ ಒಂದು ಮಾತು ಹೇಳಿಬಿಡಿ. ಆ ಕೋಚ್ ಬೈದಿಲ್ಲ, ಹೊಗಳಿದ್ದಾರೆ. ಈ ಹುಡುಗ 21 ವರ್ಷಕ್ಕೆ 6 ಅಡಿ 5 ಇಂಚು, 300 ಪೌಂಡ್, ಅಂದರೆ 136 ಕಿಲೋ ಆಗಬಹುದು, ಆಗಲೂ ಕಾಲು ಈಗಿನಷ್ಟೇ ಚುರುಕಾಗಿರುತ್ತದೆ ಎಂದು ಅವರಿಗೆ ಅನ್ನಿಸಿದೆ. ಚೆಂಡು ಹಿಡಿಯುವ ಹುಡುಗರು ಟೆಕ್ಸಸ್‌ನಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಅಷ್ಟು ದೊಡ್ಡ ಮೈ ಹೊತ್ತು ಹಗುರವಾಗಿ ಹೆಜ್ಜೆ ಹಾಕುವವನು ಜಿಲ್ಲೆಗೊಬ್ಬ ಸಿಕ್ಕರೆ ಜಾಸ್ತಿ.

ಹೈಸ್ಕೂಲ್ ಹುಡುಗರ ಆಟದ ವಿಡಿಯೋ ನೋಡಿ ಟಿಪ್ಪಣಿ ಬರೆಯುವುದು ನನಗೆ ಬಹಳ ವರ್ಷದ ಅಭ್ಯಾಸ. ಅದರಲ್ಲಿ ನಾನು ಮೊದಲು ಬಿಟ್ಟಿದ್ದು ಹುಡುಗನ ಹೆಸರಿನ ಮುಂದೆ ಬರೆದಿರುವ ಸ್ಥಾನವನ್ನು ನಂಬುವುದನ್ನು. ಹೈಸ್ಕೂಲಿನಲ್ಲಿ ಯಾರು ಎಲ್ಲಿ ಆಡುತ್ತಾರೆ ಅನ್ನುವುದು ಆ ಶಾಲೆಯ ಅನುಕೂಲ. ಎತ್ತರದ ಹುಡುಗ ಒಬ್ಬನೇ ಇದ್ದರೆ ಅವನನ್ನು ಎಲ್ಲಿ ಬೇಕಾದರೂ ನಿಲ್ಲಿಸುತ್ತಾರೆ. ನಮ್ಮ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ವಿಕೆಟ್ ಕೀಪಿಂಗ್ ಮಾಡಿದ್ದು ಕೀಪರ್ ಆಗಿ ಹುಟ್ಟಿದ್ದಕ್ಕಲ್ಲ, ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿತ್ತು ಅಂತ. ಹೈಸ್ಕೂಲಿನಲ್ಲೂ ಅದೇ ಕಥೆ. ಕಾಲೇಜು ಕೋಚ್ ಬಂದಾಗ ಲೆಕ್ಕವೇ ಬೇರೆ. ಇವತ್ತಿನ ಆಟಕ್ಕಿಂತ, ಈ ಮೂಳೆಯ ಮೇಲೆ ಇನ್ನೆಷ್ಟು ಮಾಂಸ ಕೂರುತ್ತದೆ, ಕೂತ ಮೇಲೆ ಹುಡುಗ ಹೇಗೆ ಓಡುತ್ತಾನೆ ಅನ್ನುವುದೇ ಅವರ ತಲೆಯಲ್ಲಿ ಓಡುತ್ತಿರುತ್ತದೆ.

ಈ ಆಟದಲ್ಲಿ ಒಂದು ಜಾರುವಿಕೆ ಇದೆ. ಮೈ ಬೆಳೆದ ಹಾಗೆಲ್ಲ ಹುಡುಗ ಚೆಂಡು ಇಡುವ ಜಾಗದ ಹತ್ತಿರಕ್ಕೆ ಸರಿಯುತ್ತಾ ಬರುತ್ತಾನೆ. ಹಿಂದೆ ದೂರದಲ್ಲಿ ನಿಲ್ಲುವ ಸೇಫ್ಟಿ ದಪ್ಪಗಾದರೆ ಲೈನ್‌ಬ್ಯಾಕರ್. ಲೈನ್‌ಬ್ಯಾಕರ್ ಇನ್ನೂ ಬೆಳೆದರೆ ಡಿಫೆನ್ಸಿವ್ ಎಂಡ್, ಎಂಡ್ ಇನ್ನೂ ತೂಕ ಹಾಕಿದರೆ ನಡುವಿನ ಡಿಫೆನ್ಸಿವ್ ಟ್ಯಾಕಲ್. ಈ ಕಡೆ ಟೈಟ್ ಎಂಡ್ ಬೆಳೆದರೆ ಅಫೆನ್ಸಿವ್ ಟ್ಯಾಕಲ್. ಟ್ಯಾಕಲ್‌ಗೆ ತೋಳು ಗಿಡ್ಡವಾದರೆ ಒಂದು ಹೆಜ್ಜೆ ಒಳಗೆ ಸರಿದು ಗಾರ್ಡ್. ಹೊರಗಿನಿಂದ ಒಳಕ್ಕೆ ಬರುವ ದಾರಿ ಸಲೀಸು. ಒಳಗಿನಿಂದ ಹೊರಕ್ಕೆ ಹೋದವರು ತೀರಾ ಕಡಿಮೆ, ಯಾಕೆಂದರೆ ತೂಕ ಕೂಡಿಸಬಹುದು, ವೇಗ ಕೂಡಿಸುವುದು ಕಷ್ಟ. ಹಾಗಾಗಿ ಕೋಚ್‌ಗಳು ಈಗ ಸ್ವಲ್ಪ ತೆಳ್ಳಗಿರುವ, ಆದರೆ ಓಡಬಲ್ಲ ಹುಡುಗನ ಮೇಲೆ ಪಣ ಕಟ್ಟುತ್ತಾರೆ. ನಿಮ್ಮ ಮಗ ನಿಂತಿರುವುದು ಈ ದಾರಿಯಲ್ಲೇ.

ಲೇನ್ ಜಾನ್ಸನ್ ಕಥೆ ಅವನಿಗೆ ಹೇಳಿ, ನಿಮ್ಮ ರಾಜ್ಯದವರೇ. ಟೆಕ್ಸಸ್‌ನ ಗ್ರೋವ್ಟನ್ ಅನ್ನುವ ಸಣ್ಣ ಊರಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು ಆಗಿದ್ದರು. ಕಿಲ್ಗೋರ್ ಅನ್ನುವ ಎರಡು ವರ್ಷದ ಕಾಲೇಜಿನಲ್ಲೂ ಕ್ವಾರ್ಟರ್‌ಬ್ಯಾಕ್. ಆಮೇಲೆ ಒಕ್ಲಹೋಮಾ ಯೂನಿವರ್ಸಿಟಿಗೆ ಹೋದರು. ಅಲ್ಲಿ ಟೈಟ್ ಎಂಡ್ ಆದರು, ಡಿಫೆನ್ಸಿವ್ ಎಂಡ್ ಆದರು, ಕೊನೆಗೆ ಟ್ಯಾಕಲ್. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2013ರಲ್ಲಿ, ಇಡೀ ದೇಶಕ್ಕೆ ನಾಲ್ಕನೆಯವರಾಗಿ ಫಿಲಡೆಲ್ಫಿಯಾ ತಂಡ ಆರಿಸಿಕೊಂಡಿತು. ಕ್ವಾರ್ಟರ್‌ಬ್ಯಾಕ್ ಆಗಿಯೇ ಉಳಿದಿದ್ದರೆ ಇವತ್ತು ಅವರ ಹೆಸರು ಗ್ರೋವ್ಟನ್ ದಾಟುತ್ತಿತ್ತಾ, ಅನುಮಾನ.

ಅಯೋವಾ ಯೂನಿವರ್ಸಿಟಿ ಇಂಥ ಹುಡುಗರನ್ನು ಹುಡುಕುವುದನ್ನೇ ಕಸುಬು ಮಾಡಿಕೊಂಡಿದೆ. ಸುತ್ತಮುತ್ತ ಮುಸುಕಿನ ಜೋಳದ ಹೊಲ, ಸ್ಟಾರ್ ಹುಡುಗರು ಆ ಕಡೆ ಬರುವುದು ಕಡಿಮೆ. ಕೋಚ್ ಕರ್ಕ್ ಫೆರೆಂಟ್ಜ್ 1999ರಿಂದ ಅಲ್ಲೇ ಇದ್ದಾರೆ. ರಾಬರ್ಟ್ ಗ್ಯಾಲರಿ ಅಲ್ಲಿಗೆ ಬಂದಿದ್ದು ಟೈಟ್ ಎಂಡ್ ಆಗಿ, ಹೊರಟಿದ್ದು ಟ್ಯಾಕಲ್ ಆಗಿ, 2004ರ ಡ್ರಾಫ್ಟ್‌ನಲ್ಲಿ ಎರಡನೆಯವರು. ಡಲ್ಲಾಸ್ ಕ್ಲಾರ್ಕ್ ಲೈನ್‌ಬ್ಯಾಕರ್ ಆಗಿ, ಅದೂ ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್ ಆಗಿ ಬಂದರು. ಟೈಟ್ ಎಂಡ್ ಆಗಿ ಬದಲಾಗಿ 2003ರಲ್ಲಿ ಮೊದಲ ರೌಂಡ್‌ನಲ್ಲೇ ಹೋದರು. ತೀರಾ ಈಚಿನದು ಬೇಕಾದರೆ ಜೋ ಆಲ್ಟ್: ಹೈಸ್ಕೂಲಿನಲ್ಲಿ ಟೈಟ್ ಎಂಡ್, ನೋಟರ್ ಡೇಮ್‌ನಲ್ಲಿ ಲೆಫ್ಟ್ ಟ್ಯಾಕಲ್, 2024ರಲ್ಲಿ ಐದನೇ ಆಯ್ಕೆ. ಅವರ ಅಪ್ಪ ಜಾನ್ ಆಲ್ಟ್ ಕೂಡ ಎನ್‌ಎಫ್‌ಎಲ್‌ನಲ್ಲಿ ಟ್ಯಾಕಲ್ ಆಗಿದ್ದವರು. ಮಗನ ಮೈ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಊಹಿಸಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ನಿಮ್ಮ ಎತ್ತರ ಕೇಳಿದ್ದೂ ಇದಕ್ಕೇ. ರಿಕ್ರೂಟ್ ಮಾಡುವ ಕೋಚ್ ಮನೆಗೆ ಬಂದರೆ ನಮ್ಮ ಕಡೆ ಹೆಣ್ಣು ನೋಡಲು ಬಂದ ಹಾಗೇ. ಮಾತೆಲ್ಲ ಹುಡುಗನ ಜೊತೆ, ಕಣ್ಣು ಮಾತ್ರ ಮನೆಯವರ ಮೇಲೆ. ಅಮ್ಮ ಎಷ್ಟು ಎತ್ತರ, ಅಪ್ಪನ ಭುಜ ಎಷ್ಟು ಅಗಲ, ಬಾಗಿಲ ಹತ್ತಿರ ಬಿಟ್ಟಿರುವ ಶೂ ಯಾವ ಸೈಜು. ನಿಮ್ಮ ಅಣ್ಣನ 6 ಅಡಿ 4 ಇಂಚನ್ನು ಮರೆಯದೆ ಹೇಳಿ. ಸೋದರಮಾವನ ಮೈಕಟ್ಟು ಅಳಿಯನಿಗೆ ಬರುತ್ತದೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಇವರೂ ಅದೇ ಲೆಕ್ಕ ಹಾಕುತ್ತಾರೆ.

ಹದಿನೈದಕ್ಕೇ ಮೀಸೆ ಬಂದು ಗಂಡಸಿನ ಹಾಗೆ ಕಾಣುವ ಹುಡುಗರಿರುತ್ತಾರಲ್ಲ, ಅವರ ಬಗ್ಗೆ ನನಗೆ ಯಾವಾಗಲೂ ಒಂದು ಅನುಮಾನ. ಆ ವಯಸ್ಸಿನಲ್ಲಿ ಅವರು ಎಲ್ಲರನ್ನೂ ಉರುಳಿಸಿಕೊಂಡು ಓಡುತ್ತಾರೆ. 18ಕ್ಕೆ ಉಳಿದವರು ಬೆಳೆದು ಸಮಕ್ಕೆ ಬಂದಾಗ ಇವರ ಕೈಯಲ್ಲಿ ಬೇರೇನೂ ಇರುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುವ ಗಾದೆ ಈ ಆಟದಲ್ಲಿ ಅರ್ಧ ನಿಜ, ಅಷ್ಟೇ.

ಒಬ್ಬ ಹುಡುಗನ ವಿಷಯದಲ್ಲಿ ನಾನೇ ಚೆನ್ನಾಗಿ ಎಡವಿದ್ದೇನೆ. 6 ಅಡಿ 1 ಇಂಚಿನ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, 10ನೇ ತರಗತಿಯಲ್ಲೇ 215 ಪೌಂಡ್. ವಿಡಿಯೋದಲ್ಲಿ ಪ್ರತಿ ಓಟಕ್ಕೂ ಮೂರು ಜನ ನೆಲಕ್ಕೆ. ‘ಇವನನ್ನು ಬಿಡಬೇಡಿ’ ಅಂತ ಬರೆದೆ. ಎರಡು ವರ್ಷ ಆದ ಮೇಲೂ ಅವನ ಎತ್ತರ ಅಷ್ಟೇ, ತೂಕ ಅಷ್ಟೇ, ವೇಗ ಅಷ್ಟೇ. ಅದೇ ತಂಡದಲ್ಲಿ ಅವನಿಗೆ ದಾರಿ ಬಿಡಿಸುತ್ತಿದ್ದ, ಬಟ್ಟೆ ಒಣಹಾಕಿದ ಗಳುವಿನ ಹಾಗಿದ್ದ ಒಬ್ಬ ಹುಡುಗನನ್ನು ನಾನು ನೋಡಲೇ ಇಲ್ಲ. ಕಾಲೇಜಿಗೆ ಆಡಲು ಹೋಗಿದ್ದು ಅವನು.

ಈಗ ವಿಡಿಯೋ ನೋಡುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ನಿಮ್ಮ ಮಗನ ಆಟವನ್ನು ನೀವೇ ಹೀಗೆ ನೋಡಬಹುದು. ಮೂರನೇ ಡೌನ್, ಅಂದರೆ ಮೂರನೇ ಪ್ರಯತ್ನ, ಎರಡು ಗಜ ಬೇಕು. ಟೈಟ್ ಎಂಡ್ ಒಂದು ಕೈ ನೆಲಕ್ಕೆ ಊರಿ ಕೂತಿದ್ದಾನೆ. ಚೆಂಡು ಅಲುಗಿದ ಕೂಡಲೇ ನಿಲ್ಲಿಸಿ. ಮೊದಲ ಹೆಜ್ಜೆ ಎಷ್ಟುದ್ದ ಇದೆ? ಗೇಣುದ್ದ ಇದ್ದರೆ ಸಾಕು. ದಾಪುಗಾಲು ಹಾಕಿದರೆ ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಎದುರಿನವನು ಬಂದು ಗುದ್ದುತ್ತಾನೆ. ಒಂದು ಕ್ಲಿಕ್ ಮುಂದಕ್ಕೆ ಹೋಗಿ. ತಗ್ಗಿರುವುದು ಮಂಡಿಯಿಂದಲೋ ಸೊಂಟದಿಂದಲೋ? ಮೂಟೆ ಎತ್ತುವ ಹಮಾಲಿಗಳನ್ನು ನೆನಪಿಸಿಕೊಳ್ಳಿ, ಬೆನ್ನು ನೆಟ್ಟಗಿಟ್ಟು ಮಂಡಿಯಲ್ಲಿ ಕೂರುತ್ತಾರೆ. ಹಾಗಿರಬೇಕು. ಸೊಂಟದಿಂದ ಬಾಗುವ ಹುಡುಗ ಮುಂದಕ್ಕೆ ಮುಗ್ಗರಿಸುತ್ತಾನೆ. ಇನ್ನೊಂದು ಕ್ಲಿಕ್. ಕೈಗಳು ಎದುರಿನವನ ಎದೆಯ ಮೇಲಿವೆಯಾ, ಇಲ್ಲ ಅವನ ತೋಳಿನ ಹೊರಗೆ ತಬ್ಬಿಕೊಂಡಿವೆಯಾ? ಕೊನೆಗೆ, ಸೀಟಿ ಊದುವ ತನಕ ಕಾಲು ಓಡುತ್ತಲೇ ಇದೆಯಾ? ಇಷ್ಟೂ ಎರಡು ಸೆಕೆಂಡಿನೊಳಗೆ ನಡೆಯುವ ಕೆಲಸ. ಚೆಂಡು ಇನ್ನೊಂದು ಕಡೆ ಹೋಗಿರುತ್ತದೆ, ಜನ ಆ ಕಡೆ ನೋಡುತ್ತಾ ಕೂಗುತ್ತಿರುತ್ತಾರೆ. ಟ್ಯಾಕಲ್ ಹುಡುಕಲು ಬಂದವರು ಮಾತ್ರ ಇಲ್ಲೇ ನೋಡುತ್ತಿರುತ್ತಾರೆ.

ಹುಡುಗರು ಹಡಲ್ ಅನ್ನುವ ವಿಡಿಯೋ ವೆಬ್‌ಸೈಟ್‌ಗೆ ಹಾಕುವ ನಾಲ್ಕು ನಿಮಿಷದ ಹೈಲೈಟ್‌ನಲ್ಲಿ ಇದೆಲ್ಲ ಸಿಗುವುದಿಲ್ಲ. ಅದರಲ್ಲಿ ಬರೀ ಮದುವೆ ಆಲ್ಬಮ್ಮಿನ ಫೋಟೋಗಳು. ನಾನಾದರೆ ಪೂರ್ತಿ ಆಟದ ವಿಡಿಯೋ ಕೇಳುತ್ತೇನೆ, ಅದೂ ಸೋತ ಆಟದ್ದು. ನಾಲ್ಕನೇ ಕ್ವಾರ್ಟರ್‌ನಲ್ಲಿ, 20 ಪಾಯಿಂಟ್ ಹಿಂದಿರುವಾಗ ಹುಡುಗ ಹೇಗೆ ಓಡುತ್ತಾನೆ ಅಂತ ನೋಡಬೇಕು.

ಬೇರೆ ಸ್ಥಾನಗಳಿಗೆ ಕಣ್ಣು ಬೇರೆ ಕಡೆ ಹೋಗುತ್ತದೆ. ಕಾರ್ನರ್‌ಬ್ಯಾಕ್ ಆದರೆ ಸೊಂಟ ನೋಡುತ್ತಾರೆ. ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದವನು ಗಕ್ಕನೆ ತಿರುಗಿ, ಚೆಂಡು ಹಿಡಿಯಲು ಓಡುವ ರಿಸೀವರ್ ಜೊತೆ ಓಡಬೇಕು. ಆ ತಿರುವಿಗೆ ಒಂದು ಹೆಜ್ಜೆ ಸಾಕಾದರೆ ಅವನು ಕಾರ್ನರ್. ಮೂರು ಹೆಜ್ಜೆ ಬೇಕಾದರೆ ಅವನನ್ನು ಸೇಫ್ಟಿಗೆ ಕಳಿಸುತ್ತಾರೆ. ಡಿಫೆನ್ಸಿವ್ ಎಂಡ್‌ಗೆ ಕಣಕಾಲು ಬಗ್ಗಬೇಕು. ಟ್ಯಾಕಲ್‌ನನ್ನು ಸುತ್ತಿಕೊಂಡು ಹೋಗುವಾಗ ತಿರುವಿನಲ್ಲಿ ಬೈಕ್ ವಾಲಿದ ಹಾಗೆ ಮೈ ವಾಲಬೇಕು, ವೇಗ ಇಳಿಯಬಾರದು. ರನ್ನಿಂಗ್ ಬ್ಯಾಕ್‌ಗಳು ಬೇಗ ಕೈಗೆ ಬರುತ್ತಾರೆ, ಕಾಲೇಜಿನ ಮೊದಲ ವರ್ಷವೇ ಆಡುತ್ತಾರೆ. ಅಫೆನ್ಸಿವ್ ಲೈನ್‌ನವರಿಗೆ ತಡವಾಗುತ್ತದೆ. ಅವರಲ್ಲಿ ತುಂಬಾ ಜನ ಮೊದಲ ವರ್ಷ ರೆಡ್‌ಶರ್ಟ್, ಅಂದರೆ ತಂಡದಲ್ಲಿದ್ದು ತೂಕ ಎತ್ತುತ್ತಾ ತಿನ್ನುತ್ತಾ ಇರುವುದು. 2018ರಿಂದ ರೆಡ್‌ಶರ್ಟ್ ವರ್ಷದಲ್ಲೂ ನಾಲ್ಕು ಆಟದವರೆಗೆ ಆಡಬಹುದು.

ಅಳತೆಗಳ ವಿಷಯಕ್ಕೆ ಬಂದರೆ, 40 ಗಜದ ಓಟದ ಸಮಯವನ್ನು ನಾನು ಉಪ್ಪು ಹಾಕಿಯೂ ತಿನ್ನುವುದಿಲ್ಲ. ಅದು 36 ಮೀಟರಿಗಿಂತ ಸ್ವಲ್ಪ ಜಾಸ್ತಿ. ಯಾರೋ ಮಾವನೋ ಕೋಚೋ ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ತೆಗೆದ ಸಮಯ. ಓಟ ಶುರುವಾಗುವಾಗ ಬೆರಳು ಸ್ವಲ್ಪ ತಡವಾದರೂ ಸಾಧಾರಣ ಹುಡುಗ ಚಿರತೆ ಆಗಿಬಿಡುತ್ತಾನೆ. ಅದಕ್ಕಿಂತ ಶಾಲೆಯ ಟ್ರ್ಯಾಕ್ ಮೀಟ್‌ನಲ್ಲಿ ಎಲೆಕ್ಟ್ರಾನಿಕ್ ಗಡಿಯಾರದಲ್ಲಿ ಬಂದ 100 ಮೀಟರ್ ಸಮಯ, ಗುಂಡು ಎಸೆತದ ದೂರ ನಂಬಿಕೆಗೆ ಅರ್ಹ. ಕುಸ್ತಿ ಮಾಡಿದ ಹುಡುಗ ಅಂದರೆ ಲೈನ್ ಕೋಚ್‌ಗಳ ಕಿವಿ ನೆಟ್ಟಗಾಗುತ್ತದೆ, ತಗ್ಗಿ ತಳ್ಳುವುದು ಅವನಿಗೆ ಗೊತ್ತಿರುತ್ತದೆ ಅಂತ. ಬ್ಯಾಸ್ಕೆಟ್‌ಬಾಲ್ ಆಡುವ ಎತ್ತರದ ಹುಡುಗನ ಕಾಲು ಅಡ್ಡಡ್ಡ ಹೇಗೆ ಸರಿಯುತ್ತದೆ ಅಂತ ನೋಡಲು ಫುಟ್‌ಬಾಲ್ ಕೋಚ್‌ಗಳು ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಬಂದು ಕೂರುತ್ತಾರೆ. ಪಾಸ್ ಬ್ಲಾಕ್ ಮಾಡುವ ಟ್ಯಾಕಲ್‌ನ ಹೆಜ್ಜೆ ಹೆಚ್ಚು ಕಡಿಮೆ ಅದೇ.

ಹಾಗಂತ ಸ್ಥಾನ ಬದಲಿಸು ಅಂದಾಗಲೆಲ್ಲ ಹೂಂ ಅನ್ನಬೇಕು ಅಂತಲ್ಲ. ಕೋಚ್‌ಗಳು ಮೈ ನೋಡಿ ಹೇಳುತ್ತಾರೆ, ಎಷ್ಟೋ ಸಲ ಮೈಬಣ್ಣ ನೋಡಿಯೂ ಹೇಳಿದ್ದಾರೆ. ಕಪ್ಪು ಹುಡುಗರು ಕ್ವಾರ್ಟರ್‌ಬ್ಯಾಕ್ ಆದರೆ, ‘ನೀನು ಚೆನ್ನಾಗಿ ಓಡುತ್ತೀಯ, ರಿಸೀವರ್ ಆಗು’ ಅನ್ನುವುದು ದಶಕಗಳ ಕಾಲ ಮಾಮೂಲಿ. ವಾರೆನ್ ಮೂನ್ ಒಪ್ಪಲಿಲ್ಲ. 1978ರಲ್ಲಿ ಎನ್‌ಎಫ್‌ಎಲ್‌ನ ಯಾವ ತಂಡವೂ ಅವರನ್ನು ಡ್ರಾಫ್ಟ್ ಮಾಡಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡಕ್ಕೆ ಸತತ ಐದು ಸಲ ಅಲ್ಲಿನ ಲೀಗ್‌ನ ಗ್ರೇ ಕಪ್ ಗೆದ್ದುಕೊಟ್ಟರು. ಆಮೇಲೆ ಇಲ್ಲಿಗೆ ಬಂದು ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿ 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅದೆಲ್ಲ ಹಳೆಯ ಕಾಲ ಅನ್ನಬೇಡಿ. ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ 2016ರಲ್ಲಿ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದಿದ್ದರೂ, 2018ರ ಡ್ರಾಫ್ಟ್‌ಗೆ ಮುಂಚೆ, ಎನ್‌ಎಫ್‌ಎಲ್ ತಂಡಗಳನ್ನು ಕಟ್ಟಿದ ಬಿಲ್ ಪೋಲಿಯನ್‌ರಂಥ ಅನುಭವಿ, ಇವನು ರಿಸೀವರ್ ಆಗುವುದೇ ಒಳ್ಳೆಯದು ಅಂದರು. ಜಾಕ್ಸನ್ 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೇ ಎನ್‌ಎಫ್‌ಎಲ್‌ನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ತಮ್ಮ ಅಂದಾಜು ತಪ್ಪಾಯ್ತು ಎಂದು ಪೋಲಿಯನ್ ಅವರೇ ಒಪ್ಪಿಕೊಂಡರು. ನಮ್ಮ ದೇಸಿ ಹುಡುಗರಿಗೂ ಇದರ ಒಂದು ಸಣ್ಣ ತಮ್ಮ ಇದ್ದಾನೆ: ‘ನೀನು ಕಿಕ್ಕರ್ ಆಗಬಹುದಲ್ವಾ?’ ಆ ಮಾತು ಕೇಳಿದರೆ ಕಾರಣ ಕೇಳಿ. ‘ನಿನ್ನ ತೋಳು ಉದ್ದ, ಕಾಲು ಹಗುರ, ಅದಕ್ಕೆ ಟ್ಯಾಕಲ್’ ಅನ್ನುವ ಮಾತಿಗೆ ಕಾರಣ ಇದೆ, ಅಳೆದು ನೋಡಬಹುದು. ಕಾರಣ ಹೇಳಲಾಗದ ಸಲಹೆಯನ್ನು ಪಕ್ಕಕ್ಕಿಡಿ.

ಇನ್ನು ಸ್ಟಾರ್ ವಿಚಾರ. ಗೆಳೆಯನ ಮೂರು ಸ್ಟಾರ್‌ಗೆ ಹೊಟ್ಟೆ ಉರಿದುಕೊಳ್ಳಬೇಕಾಗಿಲ್ಲ, ಅದನ್ನು ಹಾಸ್ಯ ಮಾಡುವುದೂ ಬೇಡ. ಈ ವೆಬ್‌ಸೈಟ್‌ಗಳಲ್ಲಿ ಐದು ಸ್ಟಾರ್ ಸಿಗುವುದು ವರ್ಷಕ್ಕೆ ಮೂವತ್ತರ ಆಸುಪಾಸು ಹುಡುಗರಿಗೆ. 247ಸ್ಪೋರ್ಟ್ಸ್‌ನವರು ಎನ್‌ಎಫ್‌ಎಲ್‌ನ ಮೊದಲ ರೌಂಡ್‌ನಲ್ಲಿ 32 ಆಯ್ಕೆ ಇರುವುದಕ್ಕೆ ಹೊಂದಿಸಿ ಸುಮಾರು 32 ಜನಕ್ಕೆ ಕೊಡುತ್ತಾರೆ. ಮೂರು ಸ್ಟಾರ್ ಹುಡುಗರು ಸಾವಿರಗಟ್ಟಲೆ. ಡ್ರಾಫ್ಟ್ ಆದವರ ಪಟ್ಟಿ ನೋಡಿದರೆ ಮೂರು ಸ್ಟಾರ್‌ನವರೇ ಜಾಸ್ತಿ ಕಾಣುತ್ತಾರೆ, ಅದನ್ನು ಹಿಡಿದು ‘ಸ್ಟಾರ್ ಎಲ್ಲ ಸುಳ್ಳು’ ಅನ್ನುತ್ತಾರೆ. ಅವರ ಗುಂಪೇ ಅಷ್ಟು ದೊಡ್ಡದು ಸ್ವಾಮಿ. ತಲೆಗೆ ಲೆಕ್ಕ ಹಾಕಿದರೆ ಐದು ಸ್ಟಾರ್ ಹುಡುಗ ಮೇಲೆ ಬರುವ ಸಾಧ್ಯತೆ ತುಂಬಾ ಹೆಚ್ಚು. ಈ ವೆಬ್‌ಸೈಟ್‌ನವರು ತಪ್ಪುವುದು ಎಲ್ಲಿ ಅಂದರೆ ಸಣ್ಣ ಊರಲ್ಲಿ, ತಡವಾಗಿ ಬೆಳೆಯುವ ಹುಡುಗರಲ್ಲಿ, ಮತ್ತೆ ಸ್ಥಾನ ಬದಲಾಗಬೇಕಾದವರಲ್ಲಿ. ಲೈಟನ್ ವಾಂಡರ್ ಎಶ್ ಐಡಹೋದ ರಿಗಿನ್ಸ್ ಅನ್ನುವ ಪುಟ್ಟ ಊರಲ್ಲಿ ಎಂಟು ಜನರ ಫುಟ್‌ಬಾಲ್ ಆಡಿದವರು, 11 ಜನರ ತಂಡಕ್ಕೆ ಬೇಕಾದಷ್ಟು ಹುಡುಗರೇ ಅಲ್ಲಿರಲಿಲ್ಲ. ಬೋಯ್ಸಿ ಸ್ಟೇಟ್‌ಗೆ ವಾಕ್-ಆನ್ ಆಗಿ ಹೋಗಿ 2018ರಲ್ಲಿ ಮೊದಲ ರೌಂಡ್‌ನಲ್ಲಿ ನಿಮ್ಮ ಡಲ್ಲಾಸ್ ಕೌಬಾಯ್ಸ್ ಸೇರಿದರು.

ನಿಮ್ಮ ಮಗನಿಗೆ ಹೆಚ್ಚು ಹೊಂದುವ ಕಥೆ ಜೆ.ಜೆ. ವಾಟ್ ಅವರದ್ದು. ವಿಸ್ಕಾನ್ಸಿನ್‌ನ ಪಿವಾಕಿ ಊರಿನ ಎರಡು ಸ್ಟಾರ್ ಟೈಟ್ ಎಂಡ್. ಸೆಂಟ್ರಲ್ ಮಿಷಿಗನ್‌ಗೆ ಟೈಟ್ ಎಂಡ್ ಆಗಿ ಸೇರಿದರು. ಒಂದು ಸೀಸನ್ ಆದ ಮೇಲೆ ಸ್ಕಾಲರ್‌ಶಿಪ್ ಬಿಟ್ಟು, ಪಿಜ್ಜಾ ಹಟ್‌ನಲ್ಲಿ ಡೆಲಿವರಿ ಮಾಡಿಕೊಂಡು, ವಿಸ್ಕಾನ್ಸಿನ್ ಯೂನಿವರ್ಸಿಟಿಗೆ ವಾಕ್-ಆನ್ ಆಗಿ ಹೋದರು. ಅಲ್ಲಿ ಡಿಫೆನ್ಸಿವ್ ಎಂಡ್. 2011ರ ಡ್ರಾಫ್ಟ್‌ನಲ್ಲಿ 11ನೇ ಆಯ್ಕೆ, ಹ್ಯೂಸ್ಟನ್ ತಂಡಕ್ಕೆ. ಎನ್‌ಎಫ್‌ಎಲ್‌ನ ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಮೂರು ಸಲ ಬಂತು. ನಿಮ್ಮ ಶಾಲೆಯ ಕೋಚ್ ಡಿಫೆನ್ಸಿವ್ ಎಂಡ್ ಆಡು ಅಂದಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ವಾಟ್ ನಡೆದ ದಾರಿ ಈಗ ಕಿರಿದಾಗಿದೆ, ಅದನ್ನು ಮುಚ್ಚಿಡುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸುವ ಆಟಗಾರರ ಹೆಸರಿನ ಪಟ್ಟಿ ಬಂದ ಮೇಲೆ ಕೋಚ್‌ಗೆ ಒಂದು ಬೇರೆ ಅಂಗಡಿ ತೆರೆದಂತಾಗಿದೆ. ಹದಿನೇಳರ ಹುಡುಗ ಬೆಳೆಯಲಿ ಅಂತ ಮೂರು ವರ್ಷ ಕಾಯುವ ಬದಲು, ಬೇರೆ ಕಾಲೇಜಿನಲ್ಲಿ ಬೆಳೆದು ನಿಂತ 21ರ ಹುಡುಗನನ್ನು ಕರೆದುಕೊಂಡು ಬರುತ್ತಾರೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, ಹಾಗಾಗಿ ಕರೆಯುವುದಕ್ಕೆ ದುಡ್ಡಿನ ಬಲವೂ ಇದೆ. 2025ರಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ನಂತರ, ಅದಕ್ಕೆ ಸೇರಿದ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ 105 ಜನರ ಮಿತಿ. ಮುಂಚೆ ಸ್ಕಾಲರ್‌ಶಿಪ್‌ಗೆ 85ರ ಮಿತಿ ಇತ್ತು, ವಾಕ್-ಆನ್ ಹುಡುಗರನ್ನು ಅದರ ಮೇಲೆ ಸೇರಿಸಿಕೊಳ್ಳುತ್ತಿದ್ದರು. ಈಗ ಆ ಜಾಗಕ್ಕೇ ಕತ್ತರಿ ಬಿದ್ದಿದೆ. ದೇಶದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಯಾವುದೋ ಒಂದು ಹಂತದಲ್ಲಾದರೂ ಮುಂದೆ ಆಡುವವರು ನೂರಕ್ಕೆ ಏಳು. ಓದು ಚೆನ್ನಾಗಿದ್ದರೆ ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳನ್ನೂ ಕಣ್ಣಲ್ಲಿಡಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಆದರೆ ಅಡ್ಮಿಷನ್ ಸಮಯದಲ್ಲಿ ಕೋಚ್‌ನ ಮಾತಿಗೆ ಬೆಲೆ ಇದೆ.

ಇನ್ನೊಂದು ವಿಷಯಕ್ಕೆ ಮೋಸಹೋಗಬೇಡಿ. 11ನೇ ತರಗತಿಯ ಸೆಪ್ಟೆಂಬರ್ 1ರ ತನಕ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ರ ಕೋಚ್‌ಗಳು ಹುಡುಗನಿಗೆ ರಿಕ್ರೂಟಿಂಗ್ ಪತ್ರ, ಮೆಸೇಜ್ ಕಳಿಸುವಂತಿಲ್ಲ. ಅದಕ್ಕೆ ಮುಂಚೆ ಕಾಲೇಜಿನ ಲಾಂಛನ ಇರುವ ಲಕೋಟೆ ಬಂದರೆ ಅದು ಕ್ಯಾಂಪ್‌ನ ಕರಪತ್ರ, ನೀವು ಫೀಸ್ ಕಟ್ಟಿ ಬರಲಿ ಅಂತ. ಅದನ್ನು ಫ್ರೇಮ್ ಹಾಕಿಸಿ ಕನ್ನಡ ಕೂಟದಲ್ಲಿ ತೋರಿಸಿದವರನ್ನು ನೋಡಿದ್ದೇನೆ.

ಸರಿ, ಈಗ ಏನು ಮಾಡಬೇಕು? ಟೈಟ್ ಎಂಡ್ ಬಿಡುವುದು ಬೇಡ, ಡಿಫೆನ್ಸಿವ್ ಎಂಡ್ ಸೇರಿಸಿಕೊಳ್ಳಲಿ. ಎರಡೂ ಕಡೆ ಆಡಿದ ವಿಡಿಯೋ ಇದ್ದರೆ ನೋಡುವವರಿಗೆ ಊಹೆ ಸುಲಭ. ಟ್ಯಾಕಲ್ ಆಗುತ್ತಾನೆ ಅಂತ ಈಗಲೇ ತಿನ್ನಿಸಿ 260 ಮಾಡಲು ಹೋಗಬೇಡಿ. ಕಾರ್ಬೈಡ್ ಹಾಕಿದ ಮಾವಿನ ಹಾಗೆ ಹೊರಗೆ ಹಳದಿ, ಒಳಗೆ ಹುಳಿ ಆಗುತ್ತದೆ. ಅವನ ಬೆಲೆ ಇರುವುದೇ ಆ ಹಗುರ ಕಾಲಲ್ಲಿ. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಅಥವಾ ಕುಸ್ತಿ, ವಸಂತದಲ್ಲಿ ಗುಂಡು ಎಸೆತ ಆಡಲಿ.

ಅವನ ಒಂದು ಅಳತೆ ನೀವು ಬರೆದಿಲ್ಲ. ತೋಳಿನ ಉದ್ದ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಭುಜದ ತುದಿಯ ಮೂಳೆಯಿಂದ ನಡುಬೆರಳಿನ ತುದಿಯವರೆಗೆ ಟೇಪ್ ಹಿಡಿಯಿರಿ. ಕಾಲೇಜಿನ ಹೊತ್ತಿಗೆ 34 ಇಂಚಿನ ಹತ್ತಿರ ಹೋಗುವಂತಿದ್ದರೆ ಆ ಕ್ಯಾಂಪ್ ಕೋಚ್‌ನ ಕಣ್ಣು ಸರಿಯಾಗಿದೆ. 32ಕ್ಕೇ ನಿಲ್ಲುವಂತಿದ್ದರೆ ಟ್ಯಾಕಲ್ ಮಾತು ಮರೆತು ಚೆಂಡು ಹಿಡಿಯುವುದನ್ನೇ ಗಟ್ಟಿ ಮಾಡಿಕೊಳ್ಳಲಿ, ಅವನಿಗೂ ಖುಷಿ. ಆರು ತಿಂಗಳು ಬಿಟ್ಟು ಇನ್ನೊಂದು ಸಲ ಅಳೆದು, ಎರಡೂ ಅಳತೆ ಮತ್ತು ಒಂದು ಸೋತ ಆಟದ ಪೂರ್ತಿ ವಿಡಿಯೋ ಕಳಿಸಿ. ಆಗ ಇನ್ನೂ ಸರಿಯಾಗಿ ಹೇಳಬಹುದು.